ಮಾಪಿನ ಲೆಕ್ಕ ಸರಿ, ಬಟ್ಟೆ ಮಾತ್ರ ಹೊಟ್ಟೆಯೊಳಗೆ

ಮಾನ್ಯ ಸಂಪಾದಕರೇ,

ಆಪರೇಷನ್ ವೇಳೆ ಹೊಟ್ಟೆಯಲ್ಲಿ ಬಟ್ಟೆ ಬಿಟ್ಟರು ಎಂಬ ಸುದ್ದಿ ಬಂದಾಗಲೆಲ್ಲ ಎರಡೇ ಬಗೆಯ ಮಾತು ಕೇಳಿಬರುತ್ತದೆ. ಡಾಕ್ಟರಿಗೆ ಜವಾಬ್ದಾರಿ ಇಲ್ಲ ಎನ್ನುವವರು ಕೆಲವರು, ನರ್ಸ್ ಸರಿಯಾಗಿ ಎಣಿಸಲಿಲ್ಲ ಎನ್ನುವವರು ಕೆಲವರು. ಆಸ್ಪತ್ರೆ ಮುಂದೆ ಒಂದು ಧರಣಿ, ಯಾರೋ ಒಬ್ಬರ ಅಮಾನತು, ಅಲ್ಲಿಗೆ ಮುಗಿಯಿತು. ಬಟ್ಟೆ ಒಳಗೆ ಉಳಿದದ್ದು ಹೇಗೆ, ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಆದರೂ ಅದನ್ನು ಯಾರೂ ಗುರುತಿಸದೆ ಹೋದದ್ದು ಹೇಗೆ ಎಂಬುದು ಚರ್ಚೆಗೇ ಬರುವುದಿಲ್ಲ. ಮೈಸೂರು, ಮಂಡ್ಯ ಭಾಗದಲ್ಲಿ ಓಟಿಯಲ್ಲೂ (ಆಪರೇಷನ್ ಕೋಣೆ) ಸ್ಕ್ಯಾನಿಂಗ್ ವಿಭಾಗದಲ್ಲೂ ಕೆಲಸ ಮಾಡುವ ನಾವು ಕೆಲವರು ಅಷ್ಟನ್ನು ಮಾತ್ರ ಬರೆಯುತ್ತಿದ್ದೇವೆ.

ಹೊಟ್ಟೆಯ ಆಪರೇಷನ್‌ನಲ್ಲಿ ರಕ್ತ ಹೀರುವುದಕ್ಕೂ, ಕರುಳನ್ನು ಪಕ್ಕಕ್ಕೆ ಸರಿಸಿ ಹಿಡಿಯುವುದಕ್ಕೂ ಬಳಸುವುದು ಮಾಪ್. ಹಲವು ಪದರ ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವ ಜಾಳು ಹತ್ತಿಬಟ್ಟೆ) ಸೇರಿಸಿ ಹೊಲಿದದ್ದು, ಸಾಮಾನ್ಯವಾಗಿ 25 ಅಥವಾ 30 ಸೆಂ.ಮೀ. ಚೌಕ, ಒಂದು ಮೂಲೆಗೆ ಬಾಲದ ಹಾಗೆ ಪಟ್ಟಿ. ಆ ಬಾಲವನ್ನು ಹೊಟ್ಟೆಯ ಹೊರಗೆ ಬಿಟ್ಟು ಅದಕ್ಕೊಂದು ಆರ್ಟರಿ ಫೋರ್ಸೆಪ್ಸ್ (ಸಣ್ಣ ಇಕ್ಕಳ) ಕಚ್ಚಿಸಬೇಕು ಎಂಬುದು ಹಳೆಯ ಪಾಠ. 10 ಸೆಂ.ಮೀ. ಚೌಕದ ಸಣ್ಣ ಗಾಜ್ ಪೀಸ್‌ಗಳು ಬೇರೆ. ಹೊಟ್ಟೆ ತೆರೆದ ಮೇಲೆ ಇವನ್ನು ಬಿಡಿಯಾಗಿ ಕೈಗೆ ಕೊಡಬಾರದು, ಸ್ಪಂಜ್ ಹೋಲ್ಡರ್ ಎಂಬ ಉದ್ದ ಇಕ್ಕಳಕ್ಕೆ ಕಚ್ಚಿಸಿಯೇ ಕೊಡಬೇಕು. ಒಣಗಿದ ಮಾಪ್ ಬೆಳ್ಳಗೆ ಎದ್ದು ಕಾಣುತ್ತದೆ. ರಕ್ತ ಕುಡಿದ ಮಾಪ್ ಹಾಗಲ್ಲ, ಮುದುಡಿ ಮುಷ್ಟಿಯಷ್ಟಾಗುತ್ತದೆ, ಹೆಪ್ಪುಗಟ್ಟಿದ ರಕ್ತ ಯಾವುದು ಬಟ್ಟೆ ಯಾವುದು ತಿಳಿಯುವುದಿಲ್ಲ. ಯಕೃತ್ತಿನ ಮೇಲೆ, ಗುಲ್ಮದ ಹಿಂದೆ, ದೊಡ್ಡ ಕರುಳಿನ ಇಬ್ಬದಿಯ ತಗ್ಗಿನಲ್ಲಿ, ಗರ್ಭಕೋಶದ ಹಿಂದಿನ ಗುಂಡಿಯಲ್ಲಿ ಹೋಗಿ ಕೂತರೆ ಕೈಗೂ ಸುಲಭವಾಗಿ ಸಿಗದು.

ಎಷ್ಟು ಆಪರೇಷನ್‌ಗೆ ಒಂದು ಹೀಗಾಗುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಹೊಟ್ಟೆಯ ಆಪರೇಷನ್‌ಗಳಲ್ಲಿ 1,000ದಿಂದ 1,500ಕ್ಕೆ ಒಂದು ಎಂಬ ಅಂದಾಜು ವೈದ್ಯಕೀಯ ಬರಹಗಳಲ್ಲಿ ಪದೇ ಪದೇ ಬರುತ್ತದೆ. ಅಮೆರಿಕದ ಅಧ್ಯಯನಗಳು ಇದಕ್ಕಿಂತ ಬಹಳ ಕಡಿಮೆ ಹೇಳುತ್ತವೆ. ನಮಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಅಂಕಿ. 2003ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಮೆರಿಕದ ಅಧ್ಯಯನವೊಂದು 54 ರೋಗಿಗಳ ದೇಹದಲ್ಲಿ ಉಳಿದಿದ್ದ 61 ವಸ್ತುಗಳನ್ನು ಪರಿಶೀಲಿಸಿತ್ತು. ಅದರಲ್ಲಿ ಶೇ 69ರಷ್ಟು ಬಟ್ಟೆಯೇ. ಎಣಿಕೆ ಮಾಡಿದ್ದ ಪ್ರಕರಣಗಳಲ್ಲಿ ಶೇ 88ರಲ್ಲಿ ಕೊನೆಯ ಲೆಕ್ಕ ಸರಿಯಾಗಿದೆ ಎಂದೇ ಎಲ್ಲರೂ ನಂಬಿದ್ದರು. ತುರ್ತು ಆಪರೇಷನ್ ಆದರೆ ಅಪಾಯ ಒಂಬತ್ತು ಪಟ್ಟು, ನಡುವೆ ಯೋಜನೆ ಬದಲಾದರೆ ನಾಲ್ಕು ಪಟ್ಟು, ರೋಗಿ ದಪ್ಪವಿದ್ದಷ್ಟೂ ಅಪಾಯ ಹೆಚ್ಚು. ಎಣಿಸದೆ ಬಿಟ್ಟದ್ದಕ್ಕಿಂತ, ಎಣಿಸಿ ‘ಸರಿ’ ಎಂದು ಬರೆದ ಮೇಲೆ ಉಳಿದದ್ದೇ ಹೆಚ್ಚು.

ಲೆಕ್ಕ ಸರಿಬಂದೂ ತಪ್ಪಾಗುವುದು ಹೇಗೆ? ಹಲವೆಡೆ ಮಾಪ್‌ಗಳನ್ನು ಆಸ್ಪತ್ರೆಯಲ್ಲೇ ಗಾಜ್ ಥಾನಿನಿಂದ ಕತ್ತರಿಸಿ, ಹೊಲಿದು, ಐದೈದು ಕಟ್ಟಿ ಆಟೊಕ್ಲೇವ್ ಮಾಡುತ್ತಾರೆ (ಹಬೆಯಲ್ಲಿ ಕ್ರಿಮಿ ಕೊಲ್ಲುವುದು). ಕಟ್ಟುವ ಕೈ ಒಮ್ಮೆ ಆರು ಇಟ್ಟಿತು ಅನ್ನಿ. ಓಟಿಯಲ್ಲಿ ಕಟ್ಟು ಬಿಚ್ಚಿ ಒಂದೊಂದಾಗಿ ಬಿಡಿಸಿ ನೋಡದೆ ‘ಐದು’ ಎಂದು ಬರೆದರೆ, ಕೊನೆಗೆ ಐದು ಹೊರಬಂದಾಗ ಲೆಕ್ಕ ತಾಳೆಯಾಗುತ್ತದೆ. ಆರನೆಯದು ಒಳಗಿದೆ. ಇದಕ್ಕೆ ಯಾವ ಎಚ್ಚರಿಕೆ ಗಂಟೆಯೂ ಬಾರಿಸುವುದಿಲ್ಲ. ನಾಲ್ಕೇ ಇದ್ದ ಕಟ್ಟಿನಿಂದ ಆಗುವುದು ಇನ್ನೊಂದು ತೊಂದರೆ: ಕೊನೆಗೆ ಒಂದು ಕಡಿಮೆ ಬಂದು, ಎಲ್ಲರೂ ಹುಡುಕಿ ಸೋತು, ‘ಕಟ್ಟಿನಲ್ಲೇ ಕಡಿಮೆ ಇತ್ತು’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಮುಂದೊಂದು ದಿನ ನಿಜವಾಗಿಯೂ ಮಾಪ್ ಒಳಗಿದ್ದಾಗ ಅದೇ ಮಾತು ಬಾಯಿಗೆ ಬರುತ್ತದೆ.

ಸಿಸೇರಿಯನ್‌ನಲ್ಲಿ ಇದರ ಇನ್ನೊಂದು ರೂಪವಿದೆ. ಮಗು ಹೊರಬಂದ ಗಡಿಬಿಡಿಯಲ್ಲಿ ಮುಖ ಒರೆಸಲು ಟ್ರಾಲಿಯಿಂದಲೇ ಒಂದು ಮಾಪ್ ಎಳೆದುಕೊಡುತ್ತಾರೆ, ಅದು ಮಗುವಿನ ಜೊತೆಗೇ ಅದನ್ನು ಬೆಚ್ಚಗಿಡುವ ವಾರ್ಮರ್‌ಗೆ ಹೋಗುತ್ತದೆ. ಲೆಕ್ಕ ಕಡಿಮೆ ಬಂದಾಗ ‘ಮಗು ಜೊತೆ ಹೋಗಿರಬೇಕು’ ಅನ್ನುವುದು ಅಭ್ಯಾಸವೇ ಆಗಿಬಿಡುತ್ತದೆ. ಮಗುವಿಗೆ ಬೇರೆ ಬಟ್ಟೆ, ಬೇರೆ ಬಣ್ಣದ್ದು, ಮೊದಲೇ ಇಟ್ಟಿರಬೇಕು. ತೆಗೆದ ಗರ್ಭಕೋಶದ ಜೊತೆ, ಗಡ್ಡೆಯ ಜೊತೆ ಬಕೆಟ್‌ಗೆ ಬಿದ್ದ ಮಾಪ್, ತೆಗೆದ ಅಂಗಗಳನ್ನು ಪರೀಕ್ಷಿಸುವ ಪೆಥಾಲಜಿ ವಿಭಾಗ ತಲುಪುವುದೂ ಉಂಟು.

ಇನ್ನು ಜನ. ಸರ್ಜನ್ ಪಕ್ಕ ನಿಂತು ಉಪಕರಣ ಕೊಡುವ ಸ್ಕ್ರಬ್ ನರ್ಸ್ ಒಬ್ಬರು, ಹೊರಗಿನಿಂದ ಸಾಮಾನು ಕೊಡುವ ಫ್ಲೋರ್ ನರ್ಸ್ ಒಬ್ಬರು, ಎಣಿಕೆ ಇವರಿಬ್ಬರದು. ಒಬ್ಬ ಫ್ಲೋರ್ ನರ್ಸ್ ಎರಡು ಟೇಬಲ್ ನೋಡುತ್ತಿದ್ದರೆ ಎಣಿಕೆ ಒಬ್ಬರದಾಗುತ್ತದೆ, ಇನ್ನೊಬ್ಬರದು ಬರೀ ಸಹಿ. ಆಪರೇಷನ್ ನಡುವೆ ಡ್ಯೂಟಿ ಬದಲಾದರೆ ಹೋಗುವವರೂ ಬರುವವರೂ ಸೇರಿ ಮತ್ತೊಮ್ಮೆ ಎಣಿಸಬೇಕು. ಬರೀ ಬಾಯಿಮಾತಿನಲ್ಲಿ ‘ಹದಿನೈದು ಇದೆ’ ಎಂದು ಒಪ್ಪಿಸಿ ಹೋಗುವುದು ಎಣಿಕೆಯಲ್ಲ.

ಸರಿಯಾದ ಕ್ರಮ ಹೀಗೆ. ಚರ್ಮ ಕೊಯ್ಯುವ ಮೊದಲು ಇಬ್ಬರೂ ಒಟ್ಟಿಗೆ ನೋಡುತ್ತ, ಗಟ್ಟಿಯಾಗಿ ಹೇಳುತ್ತ, ಪ್ರತಿ ಮಾಪನ್ನೂ ಬಿಡಿಸಿ, ಬಾಲ ಇದೆಯೇ, ಎಕ್ಸ್‌ರೇಯಲ್ಲಿ ಕಾಣುವ ದಾರ ಇದೆಯೇ ಎಂದು ನೋಡಿ ಎಣಿಸಬೇಕು. ಸಂಖ್ಯೆ ಗೋಡೆಯ ಬೋರ್ಡಿನ ಮೇಲೆ ಹೋಗಬೇಕು, ಅಂಗೈ ಮೇಲೋ ಗ್ಲೌಸ್ ಕವರ್ ಮೇಲೋ ಅಲ್ಲ. ಸಂಖ್ಯೆ ತಪ್ಪಿರುವ ಕಟ್ಟನ್ನು ಇಡಿಯಾಗಿ ಓಟಿಯಿಂದ ಹೊರಗೆ ಕಳಿಸಬೇಕು. ಒಂದು ತೆಗೆದು ಸರಿಮಾಡುವುದು, ಒಂದು ಸೇರಿಸಿ ಸರಿಮಾಡುವುದು ಬೇಡ. ನಡುವೆ ಹೊಸ ಕಟ್ಟು ಬಿಚ್ಚಿದರೆ ಆಗಲೇ ಎಣಿಸಿ ಬೋರ್ಡಿಗೆ ಸೇರಿಸಬೇಕು. ಮಾಪನ್ನಾಗಲಿ ಗಾಜ್ ಪೀಸನ್ನಾಗಲಿ ಕತ್ತರಿಸಲೇಬಾರದು. ಬಳಸಿದ್ದನ್ನು ಬಕೆಟ್‌ಗೆ ರಾಶಿ ಹಾಕದೆ, ಬಿಡಿಸಿ ಐದೈದರ ಸಾಲಾಗಿ ಪ್ಲಾಸ್ಟಿಕ್ ಹಾಳೆ ಮೇಲೆ ಹರಡಬೇಕು. ಜೇಬುಗಳಿರುವ ತೂಗುಚೀಲ ಇದ್ದರೆ ಇನ್ನೂ ಒಳ್ಳೆಯದು, ಒಂದು ಜೇಬು ಖಾಲಿ ಇದ್ದರೆ ಸರ್ಜನ್‌ಗೆ ನಿಂತಲ್ಲಿಂದಲೇ ಕಾಣುತ್ತದೆ. (ಹೀಗೆ ಬಿಡಿಸಿಟ್ಟ ಮಾಪ್‌ಗಳನ್ನು ತೂಗಿ ಒಣ ತೂಕ ಕಳೆದರೆ ಎಷ್ಟು ರಕ್ತ ಹೋಗಿದೆ ಎಂಬ ಅಂದಾಜೂ ಸಿಗುತ್ತದೆ: ಒಂದು ಗ್ರಾಂ ಎಂದರೆ ಸುಮಾರು ಒಂದು ಮಿ.ಲೀ. ಸಿಸೇರಿಯನ್‌ನಲ್ಲಿ ಇದು ಸಣ್ಣ ಲಾಭವಲ್ಲ.)

ಎರಡನೆಯ ಎಣಿಕೆ ಒಳಗಿನ ಪದರ ಹೊಲಿಯುವ ಮೊದಲು, ಮೂರನೆಯದು ಚರ್ಮ ಮುಚ್ಚುವಾಗ. ಸಿಸೇರಿಯನ್‌ನಲ್ಲಿ ಗರ್ಭಕೋಶ ಹೊಲಿಯುವ ಮೊದಲೇ ಒಂದು ಹೆಚ್ಚಿನ ಎಣಿಕೆ ಬೇಕು, ಗರ್ಭಕೋಶದ ಒಳಗೇ ಬಟ್ಟೆ ಉಳಿಯಬಹುದು. ಎಣಿಕೆಗೆ ಮೊದಲು ಸರ್ಜನ್ ಕೈಯಾಡಿಸಿ ಕಣ್ಣಾರೆ ಹುಡುಕಿರಬೇಕು. ‘ಸಿಸ್ಟರ್, ಕೌಂಟ್ ಓಕೆನಾ?’ ಎಂದು ಕೇಳುತ್ತಲೇ ಸೂಜಿ ಚುಚ್ಚುವುದು ಎಲ್ಲ ಕಡೆಯೂ ಕಾಣುವ ಚಾಳಿ, ಎಣಿಸುತ್ತಿರುವವರ ಮೇಲೆ ಬೀಳುವ ಒತ್ತಡ ಅದೇ. ರೋಗಿ ಓಟಿಯಿಂದ ಹೊರಗೆ ಹೋಗುವವರೆಗೆ ಕಸದ ಚೀಲ, ಬಳಸಿದ ಬಟ್ಟೆಗಂಟು ಯಾವುದೂ ಹೊರಗೆ ಹೋಗಬಾರದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ 19 ಅಂಶಗಳ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ, ರೋಗಿ ಹೊರಹೋಗುವ ಮೊದಲು ಬಟ್ಟೆ, ಸೂಜಿ, ಉಪಕರಣಗಳ ಲೆಕ್ಕ ಮುಗಿದಿದೆ ಎಂದು ಬಾಯಿಬಿಟ್ಟು ಹೇಳಬೇಕೆಂದಿದೆ. ಆ ಪಟ್ಟಿ ಈಗ ಬಹುತೇಕ ಕೇಸ್ ಶೀಟ್‌ಗಳಲ್ಲಿ ಇದೆ. ಆಪರೇಷನ್ ಮುಗಿದ ಮೇಲೆ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಎಲ್ಲ ಚೌಕಕ್ಕೂ ಟಿಕ್ ಬಿದ್ದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಲೆಕ್ಕ ತಪ್ಪಿದರೆ ಹೊಲಿಗೆ ನಿಲ್ಲಬೇಕು. ಮೊದಲು ಹೊಟ್ಟೆ, ಆಮೇಲೆ ಹೊದಿಕೆ ಬಟ್ಟೆಗಳ ಮಡಿಕೆ, ನೆಲ, ಬಕೆಟ್, ಟೇಬಲ್ ಕೆಳಗೆ, ಎಲ್ಲರ ಚಪ್ಪಲಿ ಅಡಿ. ಸಿಗದಿದ್ದರೆ ರೋಗಿ ಟೇಬಲ್ ಮೇಲಿರುವಾಗಲೇ ಎಕ್ಸ್‌ರೇ. ಎದೆ–ಹೊಟ್ಟೆ ನಡುವಿನ ವಪೆಯಿಂದ ಕಿಬ್ಬೊಟ್ಟೆಯ ಮೂಳೆವರೆಗೆ ಪೂರ್ತಿ ಬರಬೇಕು, ದೊಡ್ಡ ಮೈಯವರಿಗೆ ಎರಡು ಪ್ಲೇಟ್ ಬೇಕಾಗುತ್ತದೆ. ಮಾಪಿನ ದಾರ ಬೆನ್ನುಮೂಳೆ ಮೇಲೆ ಬಿದ್ದರೆ ಕಾಣದು, ಆದ್ದರಿಂದ ಅನುಮಾನವಿದ್ದರೆ ಓರೆಯಾಗಿ ಇನ್ನೊಂದು. ಚಿತ್ರ ನೋಡುವವರಿಗೆ ‘ಮಾಪ್ ಕಾಣೆಯಾಗಿದೆ’ ಎಂದು ಹೇಳಿಯೇ ಕೇಳಬೇಕು. ‘ಹೊಟ್ಟೆ ಎಕ್ಸ್‌ರೇ’ ಎಂದಷ್ಟೇ ಬರೆದರೆ ಅವರು ಹುಡುಕುವುದೇ ಬೇರೆ. ಹತ್ತು ಮಿ.ಮೀ.ಗಿಂತ ಚಿಕ್ಕ ಸೂಜಿ ಎಕ್ಸ್‌ರೇಯಲ್ಲೂ ತಪ್ಪಿಸಿಕೊಳ್ಳಬಹುದು, ಮಾಪಿನ ದಾರ ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳದು. ಆದರೆ ಇಷ್ಟೆಲ್ಲ ಉಪಯೋಗಕ್ಕೆ ಬರುವುದು ಮಾಪಿನಲ್ಲಿ ಬೇರಿಯಂ ಸಲ್ಫೇಟ್ ಬೆರೆತ ದಾರ ಇದ್ದರೆ ಮಾತ್ರ. ಥಾನಿನಿಂದ ಕತ್ತರಿಸಿ ಆಸ್ಪತ್ರೆಯಲ್ಲೇ ಹೊಲಿದ ಮಾಪ್ ಎಕ್ಸ್‌ರೇಗೆ ಸಾಮಾನ್ಯ ಹತ್ತಿ ಅಷ್ಟೇ, ಏನೂ ಕಾಣುವುದಿಲ್ಲ. ‘ಎಕ್ಸ್‌ರೇ ತೆಗೆದೆವು, ಏನೂ ಇಲ್ಲ’ ಎಂಬ ಸಮಾಧಾನ ಆಗ ಇನ್ನೂ ಅಪಾಯ. ಹಾಗೆಯೇ ದಾರವಿರುವ ಗಾಜ್ ಬಟ್ಟೆಯನ್ನು ಹೊರಗಿನ ಡ್ರೆಸಿಂಗ್‌ಗೆ ಬಳಸಬಾರದು, ಎಕ್ಸ್‌ರೇಯಲ್ಲಿ ಅದು ಒಳಗಿದ್ದಂತೆಯೇ ಕಾಣುತ್ತದೆ.

ರಕ್ತಸ್ರಾವ ನಿಲ್ಲದಾಗ ಬೇಕೆಂದೇ ಮಾಪ್ ತುಂಬಿ ಹೊಟ್ಟೆ ಮುಚ್ಚಿ, ಒಂದೆರಡು ದಿನ ಬಿಟ್ಟು ತೆಗೆಯುವುದಿದೆ. ಎಷ್ಟು ತುಂಬಿದ್ದೇವೆ ಎಂಬ ಸಂಖ್ಯೆ ಕೇಸ್ ಶೀಟ್‌ನಲ್ಲಿ, ರೆಫರಲ್ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಇರಬೇಕು. ತಾಲ್ಲೂಕಿನಿಂದ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ದೊಡ್ಡಾಸ್ಪತ್ರೆಗೋ ರಾತ್ರಿ ಆಂಬುಲೆನ್ಸ್‌ನಲ್ಲಿ ಬಂದವರ ಚೀಟಿಯಲ್ಲಿ ‘ಪ್ಯಾಕಿಂಗ್ ಮಾಡಲಾಗಿದೆ’ ಎಂದಷ್ಟೇ ಇದ್ದರೆ ತೆಗೆಯುವವರು ಯಾವ ಸಂಖ್ಯೆಗೆ ನಿಲ್ಲಬೇಕು? ಹೆರಿಗೆ ಕೋಣೆಯಲ್ಲಿ ಹೊಲಿಗೆ ಹಾಕುವಾಗ ಯೋನಿಯೊಳಗೆ ಇಡುವ ಗಾಜ್ ಪೀಸಿಗೂ ಎಣಿಕೆ ಬೇಕು. ಅಲ್ಲಿ ಎಣಿಸುವ ಪದ್ಧತಿಯೇ ಕಡಿಮೆ. ಬಾಣಂತಿಗೆ ವಾರದೊಳಗೆ ಕೆಟ್ಟ ವಾಸನೆಯ ಸ್ರಾವ ಶುರುವಾದರೆ ಮಾತ್ರೆ ಬರೆಯುವ ಮೊದಲು ಒಳಗೆ ನೋಡಬೇಕು.

ಇನ್ನು ಉಳಿದ ಬಟ್ಟೆಯ ಕಥೆ. ಹತ್ತಿ ಕರಗುವುದಿಲ್ಲ, ದೇಹ ಅದನ್ನು ಅರಗಿಸಿಕೊಳ್ಳುವುದೂ ಇಲ್ಲ. ಸೋಂಕು ಸೇರಿದರೆ ಕೆಲವೇ ವಾರಗಳಲ್ಲಿ ಜ್ವರ, ಕೀವು, ಮಾಯದ ಗಾಯ. ಆಗ ‘ಹೊಲಿಗೆಗೆ ಇನ್ಫೆಕ್ಷನ್ ಆಗಿದೆ’ ಎಂದು ಒಂದರ ಹಿಂದೊಂದು ಆ್ಯಂಟಿಬಯಾಟಿಕ್ ಕೊಡುತ್ತಾರೆ. ಪೈಪ್ ಹಾಕಿ ಕೀವು ತೆಗೆದರೂ ಬಟ್ಟೆ ಅಲ್ಲೇ ಇರುವುದರಿಂದ ಮತ್ತೆ ತುಂಬುತ್ತದೆ. ಸೋಂಕು ಸೇರದಿದ್ದರೆ ದೇಹ ಅದರ ಸುತ್ತ ಗಟ್ಟಿ ಕವಚ ಕಟ್ಟುತ್ತದೆ. ತಿಂಗಳು, ವರ್ಷ, ದಶಕ ಕಳೆದ ಮೇಲೆ ಅದು ‘ಗಡ್ಡೆ’ಯಾಗಿ ಸಿಗುತ್ತದೆ. ಕೆಲವೊಮ್ಮೆ ಕರುಳಿನ ಗೋಡೆ ಕೊರೆದು ಒಳಸೇರಿ, ಸಣ್ಣ ಕರುಳಿನ ಕೊನೆಯಲ್ಲಿ ಸಿಕ್ಕಿಕೊಂಡು ಕರುಳು ಕಟ್ಟುತ್ತದೆ, ಮೂತ್ರಕೋಶಕ್ಕೆ ಇಳಿದದ್ದೂ ಇದೆ. ವೈದ್ಯರು ಇದನ್ನು ಗಾಸಿಪಿಬೋಮಾ ಅಥವಾ ಟೆಕ್ಸ್‌ಟಿಲೋಮಾ ಎನ್ನುತ್ತಾರೆ. ಎದೆ, ಬೆನ್ನುಮೂಳೆ ಆಪರೇಷನ್ ಆದವರಲ್ಲೂ ಇದು ಸಿಕ್ಕಿದೆ.

ತಪ್ಪು ರೋಗನಿರ್ಣಯ ಆಗುವುದು ಇಲ್ಲಿ. ಅಲ್ಟ್ರಾಸೌಂಡ್‌ನಲ್ಲಿ ಬಟ್ಟೆ ಬೆಳ್ಳಗೆ ಅಲೆಅಲೆಯಾದ ಗೆರೆಯಾಗಿ ಕಂಡು, ಅದರ ಹಿಂದೆ ದಟ್ಟ ಕಪ್ಪು ನೆರಳು ಬೀಳುತ್ತದೆ. ನೋಡುವವರಿಗೆ ಕರುಳಿನ ಗ್ಯಾಸ್ ಅನ್ನಿಸಿ ಮುಂದೆ ಹೋಗುತ್ತಾರೆ. ಸಿಸೇರಿಯನ್ ಆದವರಲ್ಲಿ ಅಂಡಾಶಯದ ಗಡ್ಡೆ ಎಂದು ವರದಿ ಬರುತ್ತದೆ. ಸಿಟಿಯಲ್ಲಿ ಒಳಗೆ ಗಾಳಿಗುಳ್ಳೆ ತುಂಬಿದ ಸ್ಪಂಜಿನಂಥ ಗಂಟು, ಸುತ್ತ ತೆಳುವಾದ ಗೋಡೆ. ಇದನ್ನು ಮಲ ತುಂಬಿದ ದೊಡ್ಡ ಕರುಳು, ಕೀವುಗಂಟು, ಹೈಡಾಟಿಡ್ ಚೀಲ (ಲಾಡಿಹುಳುವಿನ ಮರಿಯಿಂದ ಆಗುವ ನೀರುಗಂಟು) ಎಂದೆಲ್ಲ ಓದಿದ್ದುಂಟು. ಬೇರಿಯಂ ದಾರ ಸುರುಳಿಯಾಗಿ ಕಂಡರೂ ಅದನ್ನು ಸುಣ್ಣ ಕಟ್ಟಿದ್ದು, ಹಳೆಯ ಕ್ಲಿಪ್ ಎಂದುಕೊಳ್ಳಬಹುದು. ಎಂಆರ್‌ಐ ಮಾಡಿಸಿದರೆ ಇನ್ನೂ ಕಷ್ಟ, ಆ ದಾರಕ್ಕೆ ಅಯಸ್ಕಾಂತ ಗುಣವಿಲ್ಲ, ಗುರುತೇ ಸಿಗದು. ಪೆಟ್ ಸ್ಕ್ಯಾನ್‌ನಲ್ಲಿ ಸುತ್ತಲಿನ ಉರಿಯೂತ ಹೊಳೆಯುತ್ತದೆ. ಕ್ಯಾನ್ಸರ್‌ಗೆ ಆಪರೇಷನ್ ಆದವರಲ್ಲಿ ‘ಮತ್ತೆ ಬಂದಿದೆ’ ಎಂಬ ಭಯ ಹುಟ್ಟಿಸಲು ಅಷ್ಟು ಸಾಕು. ಇದಕ್ಕೆ ತದ್ವಿರುದ್ಧದ ಎಡವಟ್ಟೂ ಇದೆ: ರಕ್ತ ನಿಲ್ಲಿಸಲು ಬೇಕೆಂದೇ ಬಿಡುವ, ತಾನಾಗಿ ಕರಗುವ ಸೆಲ್ಯುಲೋಸ್ ತುಂಡು ಮೊದಲ ವಾರಗಳಲ್ಲಿ ಗಾಳಿಗುಳ್ಳೆಯ ಗಂಟಾಗಿಯೇ ಕಾಣುತ್ತದೆ. ಅದನ್ನು ಬಿಟ್ಟಿದ್ದೇವೆಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದರೆ ಒಂದು ಅನಗತ್ಯ ಆಪರೇಷನ್ ಉಳಿಯುತ್ತದೆ.

ನಮ್ಮ ಕಡೆ ಬಹಳ ಕಾಡುವುದು ಕ್ಷಯದ ಹೆಸರು. ಸೂಜಿ ಹಾಕಿ ಪರೀಕ್ಷೆಗೆ ಕಳಿಸಿದರೆ ವರದಿಯಲ್ಲಿ ‘ಗ್ರಾನುಲೋಮಾ, ಜೈಂಟ್ ಸೆಲ್’ ಎಂದು ಬರುತ್ತದೆ. ಉರಿಯೂತದ ಕಣಗಳ ಈ ಗಂಟು ಕ್ಷಯದಲ್ಲಿ ಕಾಣುವಂಥದ್ದು, ಆದರೆ ಹತ್ತಿ ನೂಲಿನ ಸುತ್ತ ದೇಹ ಕಟ್ಟುವುದೂ ಅದನ್ನೇ. ಹೊಟ್ಟೆಯ ಟಿಬಿ ಎಂದು ಆರು ತಿಂಗಳ ಮಾತ್ರೆ ಶುರುವಾಗುತ್ತದೆ. ಗಂಟು ಕರಗುವುದಿಲ್ಲ, ಮಾತ್ರೆ ಮುಂದುವರಿಯುತ್ತದೆ. ಹಿಂದೆ ಆಪರೇಷನ್ ಆಗಿದೆ ಎಂದು ಪೆಥಾಲಜಿಸ್ಟ್‌ಗೆ ಗೊತ್ತಿದ್ದರೆ ಅದೇ ಸ್ಲೈಡನ್ನು ಪೋಲರೈಸ್ಡ್ ಬೆಳಕಿನಲ್ಲಿ ನೋಡುತ್ತಾರೆ. ಹತ್ತಿಯ ಎಳೆ ಅಲ್ಲಿ ಹೊಳೆದು ಕಾಣುತ್ತದೆ. ಹೆಚ್ಚು ಖರ್ಚಿನ ಕೆಲಸವಲ್ಲ, ಗೊತ್ತಿರಬೇಕು ಅಷ್ಟೇ.

ಗೊತ್ತಿರುವುದಿಲ್ಲ ಏಕೆಂದರೆ ಆಪರೇಷನ್ ಒಂದೂರಲ್ಲಿ, ನೋವು ಇನ್ನೊಂದೂರಲ್ಲಿ. ಬಾಣಂತನಕ್ಕೆ ಹೆಣ್ಣುಮಗಳು ಮಳವಳ್ಳಿಯ, ಕೆ.ಆರ್.ಪೇಟೆಯ ತವರಿಗೆ ಬರುತ್ತಾಳೆ, ಸಿಸೇರಿಯನ್ ಅಲ್ಲೇ ಆಗುತ್ತದೆ. ಹೊಟ್ಟೆನೋವು ಬರುವ ಹೊತ್ತಿಗೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಗಂಡನ ಮನೆಯಲ್ಲಿರುತ್ತಾಳೆ. ಚಾಮರಾಜನಗರ, ಕೊಡಗಿನಿಂದ ಮೈಸೂರಿಗೆ ಬರುವವರದೂ ಇದೇ. ಹಳೆಯ ಕೇಸ್ ಶೀಟ್ ಜೊತೆಗೆ ಬರುವುದಿಲ್ಲ. ಆಪರೇಷನ್ ಮಾಡಿದವರಿಗೆ ಹೀಗಾಯಿತೆಂಬ ಸುದ್ದಿಯೂ ತಲುಪುವುದಿಲ್ಲ. ‘ಹಿಂದೆ ಆಪರೇಷನ್ ಆಗಿದೆಯೇನಮ್ಮಾ?’ ಎಂದು ಕೇಳಿದರೆ ಸಂತಾನಹರಣ ಚಿಕಿತ್ಸೆಯೊಂದನ್ನೇ ಹೇಳಿ, ಸಿಸೇರಿಯನ್ ಬಿಟ್ಟುಬಿಡುವವರು ಬಹಳ. ಕೇಳುವುದರ ಜೊತೆಗೆ ಹೊಟ್ಟೆಯ ಮೇಲಿನ ಒಂದೊಂದು ಗುರುತಿಗೂ ಬೆರಳಿಟ್ಟು ‘ಇದು ಯಾವಾಗಿನದು?’ ಎಂದು ಕೇಳಬೇಕು. ಹಳೆಯ ಗಾಯವಿದ್ದು ಅದರ ಹತ್ತಿರ ಅರ್ಥವಾಗದ ಗಂಟು ಕಂಡರೆ, ವರದಿಯ ಸಾಧ್ಯತೆಗಳ ಪಟ್ಟಿಯಲ್ಲಿ ಬಟ್ಟೆಯ ಹೆಸರೂ ಇರಲೇಬೇಕು. ಮೊದಲೇ ಅನುಮಾನ ಬಂದರೆ ಸರ್ಜನ್ ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಳ್ಳುತ್ತಾರೆ. ಕ್ಯಾನ್ಸರ್ ಎಂದು ಹೊಟ್ಟೆ ತೆರೆದರೆ ಕರುಳಿನ ಭಾಗವನ್ನೇ ಕತ್ತರಿಸಿ ತೆಗೆಯುವುದೂ ಆಗಬಹುದು.

ಓದುಗರು ಗಾಬರಿಯಾಗುವುದು ಬೇಡ. ಆಪರೇಷನ್ ನಂತರದ ಹೊಟ್ಟೆನೋವಿಗೆ ಬೇರೆ ಕಾರಣಗಳೇ ಬಹುಪಾಲು. ಆದರೆ ಮಾಯದ ಗಾಯ, ಬಂದು ಬಂದು ಹೋಗುವ ಜ್ವರ, ಕೈಗೆ ಸಿಗುವ ಗಂಟು ಇದ್ದರೆ ಸುಮ್ಮನಿರಬಾರದು. ಕಾನೂನಿನ ದೃಷ್ಟಿಯಿಂದಲೂ ಅಷ್ಟೇ. 1993ರಲ್ಲಿ ಪಿತ್ತಕೋಶದ ಆಪರೇಷನ್‌ನಲ್ಲಿ ಉಳಿದ ಗಾಜ್ ಬಟ್ಟೆ 2002ರಲ್ಲಿ ಸಿಕ್ಕ ಪ್ರಕರಣವೊಂದರಲ್ಲಿ, ಅಷ್ಟು ವರ್ಷ ನೋವಿದ್ದೂ ಆಪರೇಷನ್ ಮಾಡಿದವರ ಬಳಿ ಹೋಗಲಿಲ್ಲವೆಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 2010ರಲ್ಲಿ ಗ್ರಾಹಕ ದೂರನ್ನು ಅವಧಿ ಮೀರಿದ್ದೆಂದು ತಳ್ಳಿಹಾಕಿತು. ಗ್ರಾಹಕ ಕಾಯ್ದೆಯಲ್ಲಿ ಅವಧಿ ಎರಡು ವರ್ಷ. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು, ಮೂರು ವರ್ಷ ಇಟ್ಟಿರಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಬಿಡುಗಡೆಯ ದಿನವೇ ಡಿಸ್ಚಾರ್ಜ್ ಸಮ್ಮರಿ ಕೇಳಿ ಪಡೆದು, ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಡಿ.

ಆಡಳಿತ ನಡೆಸುವವರಿಗೆ ಒಂದು ಮಾತು. 1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಚಿಕಿತ್ಸೆ ವೇಳೆ ಟವೆಲ್ ಉಳಿದು ಮಹಿಳೆಯೊಬ್ಬರು ಮೃತಪಟ್ಟ ಪ್ರಕರಣದಲ್ಲಿ, ಇಂಥ ವೈದ್ಯರದೇ ತಪ್ಪೆಂದು ಬೆರಳಿಟ್ಟು ತೋರಿಸಬೇಕಿಲ್ಲ, ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿತು. ಹಾಗಿದ್ದೂ ಲೆಕ್ಕ ತಪ್ಪಿದೆ ಎಂದು ಹೇಳಿದ ಸ್ಟಾಫ್ ನರ್ಸ್‌ಗೇ ಮೊದಲು ನೋಟಿಸ್ ಹೋದರೆ, ಮುಂದಿನ ಸಲ ಲೆಕ್ಕ ಕಾಗದದ ಮೇಲೆ ಸರಿಹೋಗುತ್ತದೆ. ತಪ್ಪಿತೆಂದು ನಿಲ್ಲಿಸಿದವರಿಗೆ ರಕ್ಷಣೆ ಬೇಕು. ಬಾರ್‌ಕೋಡ್ ಮಾಪ್, ರೇಡಿಯೊ ಚಿಪ್ ಇರುವ ಮಾಪ್ ವಿದೇಶದಲ್ಲಿವೆ, ಅವು ಬರುವವರೆಗೆ ಕಾಯಬೇಕಿಲ್ಲ. ಎಕ್ಸ್‌ರೇ ದಾರವಿಲ್ಲದ ಮಾಪ್ ಹೊಲಿಯುವುದನ್ನೂ ಕೊಳ್ಳುವುದನ್ನೂ ಜಿಲ್ಲೆಯ ಎಲ್ಲ ಆಸ್ಪತ್ರೆಗಳಲ್ಲಿ ನಿಲ್ಲಿಸಲಿ. ಒಂದು ಟೇಬಲ್‌ಗೆ ಒಬ್ಬ ಫ್ಲೋರ್ ನರ್ಸ್ ಇರಲಿ. ರಾತ್ರಿ ಹೊತ್ತು ಓಟಿಗೆ ಬರುವ ಎಕ್ಸ್‌ರೇ ಯಂತ್ರವೂ ಅದನ್ನು ನಡೆಸುವವರೂ ಇರಲಿ, ಸಿಸೇರಿಯನ್ ಆಗುವ ತಾಲ್ಲೂಕು ಆಸ್ಪತ್ರೆಗಳಲ್ಲೂ. ಸ್ಕ್ಯಾನಿಂಗ್ ಮತ್ತು ಪೆಥಾಲಜಿ ಚೀಟಿಗಳಲ್ಲಿ ಮೂರು ಪ್ರಶ್ನೆ ಕಡ್ಡಾಯವಾಗಲಿ: ಹಿಂದೆ ಯಾವ ಆಪರೇಷನ್, ಯಾವ ವರ್ಷ, ಯಾವ ಊರಿನಲ್ಲಿ. ಇದಕ್ಕೆ ಹೊಸ ಫಾರಂ ಅಚ್ಚು ಹಾಕಿಸುವುದೂ ಬೇಡ, ಈಗಿರುವ ಚೀಟಿಯ ಮೇಲೆ ಒತ್ತಲು ಒಂದು ರಬ್ಬರ್ ಸ್ಟ್ಯಾಂಪ್ ಸಾಕು.

ಇಂತಿ,
ಓಟಿ ಶುಶ್ರೂಷೆ ಮತ್ತು ರೇಡಿಯಾಲಜಿ ವಿಭಾಗಗಳ ಕೆಲವು ಸಿಬ್ಬಂದಿ
ಮೈಸೂರು